ಒಂದೂ ರೇಸ್ ಸೋಲದ ಸೀಸನ್ನು, ಮತ್ತೆ ಪಾಲಾ ಟ್ರ್ಯಾಕಿನ ಧೂಳು

ನಮ್ಮ ಭಾವ ಫೋನ್ ಮಾಡಿದಾಗೆಲ್ಲ ಕೊನೇಗೆ ಇದನ್ನ ಕೇಳ್ದೆ ಇಡಲ್ಲ, "ಅಲ್ಲಯ್ಯಾ, ಅಷ್ಟು ದೂರ ಹೋಗಿ ಶನಿವಾರ ಬಂತು ಅಂದ್ರೆ ಬಿಸಿಲಲ್ಲಿ ನಿಂತ್ಕೊಂಡು ಮಣ್ಣಲ್ಲಿ ಬೈಕ್ ಓಡ್ಸೋರನ್ನ ನೋಡ್ತೀಯಲ್ಲ, ಅದ್ರಲ್ಲಿ ಅಂಥದ್ದೇನಿದೆ?" ಅವರು ನೋಡಿರೋದು ವಾಟ್ಸಾಪಲ್ಲಿ ಬಂದ ಚಿಕ್ಕ ವಿಡಿಯೋ, ಬೈಕು ಗಾಳೀಲಿ ಅಡ್ಡ ಮಲಗಿ ಮತ್ತೆ ನೆಟ್ಟಗಾಗಿ ಇಳಿಯುತ್ತಲ್ಲ ಅದು, ಹಂಗಾಗಿ ಸರ್ಕಸ್ ಅನ್ಕೊಂಡಿದಾರೆ. ಫೋನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸೋ ವಿಷ್ಯ ಅಲ್ಲ ಇದು, ಅದಕ್ಕೇ ಇಲ್ಲಿ ಬರೀತಿದೀನಿ. ನಿಮ್ಮಲ್ಲೂ ಯಾರಿಗಾದ್ರೂ ಈ ಹುಚ್ಚಿದ್ರೆ ವಾದ ಮಾಡೋಕೆ ಬನ್ನಿ, ಸ್ವಾಗತ.

ಮೊದಲು ಒಂದು ಕ್ಲಿಯರ್ ಮಾಡ್ಬಿಡ್ತೀನಿ. ಇಲ್ಲಿ ಅಮೆರಿಕಾದಲ್ಲಿ ಅದೇ ರೈಡರ್‌ಗಳು, ಹೆಚ್ಚು ಕಮ್ಮಿ ಅದೇ ಬೈಕುಗಳು, ಆದ್ರೆ ವರ್ಷಕ್ಕೆ ಎರಡು ಬೇರೆ ಬೇರೆ ಆಟ. ಜನವರಿಯಿಂದ ಮೇ ವರೆಗೆ ಸೂಪರ್‌ಕ್ರಾಸ್. ಬೇಸ್‌ಬಾಲ್, ಫುಟ್‌ಬಾಲ್ ಸ್ಟೇಡಿಯಮ್ಮಿನ ಒಳಗೆ ನೂರಾರು ಲಾರಿ ಮಣ್ಣು ಸುರಿದು ಟ್ರ್ಯಾಕ್ ಕಟ್ತಾರೆ, ರಾತ್ರಿ ಲೈಟು, ಪಟಾಕಿ, ಮೈಕು, ದೊಡ್ಡ ಬೈಕುಗಳ 450 ಸಿಸಿ ಕ್ಲಾಸಿನ ಫೈನಲ್ ಅನ್ನೋದು 20 ನಿಮಿಷ ಪ್ಲಸ್ ಒಂದು ಲ್ಯಾಪ್, 22 ಜನ. ಮೇ ಕೊನೇಲಿ ಶುರುವಾಗಿ ಆಗಸ್ಟ್ ವರೆಗೆ ನಡಿಯೋದು ಮೋಟೋಕ್ರಾಸ್, ಇಲ್ಲಿನವರ ಬಾಯಲ್ಲಿ "ಔಟ್‌ಡೋರ್ಸ್". ಗುಡ್ಡ, ಇಳಿಜಾರು, ನಿಜವಾದ ನೆಲ. ಒಂದೇ ದಿನ ಎರಡು ರೇಸು, ಅದನ್ನ ಮೋಟೋ ಅಂತಾರೆ, ಒಂದೊಂದು ಮೋಟೋ 30 ನಿಮಿಷ ಪ್ಲಸ್ ಎರಡು ಲ್ಯಾಪ್, ಗೇಟಲ್ಲಿ 40 ಜನ. ಗೆದ್ದವನಿಗೆ 25 ಪಾಯಿಂಟು, ಎರಡನೆಯವನಿಗೆ 22. ಇಬ್ಬರ ಪಾಯಿಂಟೂ ಸಮ ಆದ್ರೆ ಎರಡನೇ ಮೋಟೋದಲ್ಲಿ ಮುಂದಿದ್ದವನೇ ಆ ದಿನದ ವಿನ್ನರ್.

ದುಡ್ಡು, ಜನ, ಟಿವಿ ಎಲ್ಲ ಸ್ಟೇಡಿಯಂ ಕಡೆಗೇ ಜಾಸ್ತಿ. ನಾನೂ ಇಲ್ಲಿಗೆ ಬಂದ ಹೊಸದ್ರಲ್ಲಿ ಆಫೀಸಿನವರ ಜೊತೆ ಮೊದಲು ಹೋಗಿದ್ದು ಅನಾಹೈಮ್ ಸ್ಟೇಡಿಯಮ್ಮಿನ ಸೂಪರ್‌ಕ್ರಾಸಿಗೇ, ಅಲ್ಲೇ ಹುಚ್ಚು ಹಿಡಿದಿದ್ದು, ಸುಳ್ಳು ಹೇಳಲ್ಲ. ಆದ್ರೆ ಈಗ ಯಾರಾದ್ರೂ ಕೇಳಿದ್ರೆ ನನ್ನ ಓಟು ಔಟ್‌ಡೋರ್ಸ್‌ಗೆ. ಅದಕ್ಕೆ ಕಾರಣ ಒಂದು ಲೆಕ್ಕ, ಕೇಳಿ.

ಸೂಪರ್‌ಕ್ರಾಸಿನ ರಾಜ ಅಂದ್ರೆ ಜೆರೆಮಿ ಮೆಕ್‌ಗ್ರಾಥ್. ಏಳು ಟೈಟಲ್, 72 ಗೆಲುವು, ಇವತ್ತಿಗೂ ಆ ನಂಬರನ್ನ ಯಾರೂ ಮುಟ್ಟಿಲ್ಲ. 1996ರಲ್ಲಿ ಆತ ಸೀಸನ್ನಿನ ಮೊದಲ 13 ರೇಸು ಸಾಲಾಗಿ ಗೆದ್ದ, 14ನೇದು ಸೇಂಟ್ ಲೂಯಿಸಲ್ಲಿ, ಅಲ್ಲಿ ಜೆಫ್ ಎಮಿಗ್ ಗೆದ್ದುಬಿಟ್ಟ, 15ನೇದು ಮತ್ತೆ ಮೆಕ್‌ಗ್ರಾಥ್. ಅಷ್ಟು ಹತ್ತಿರ ಬಂದೂ ಪೂರ್ತಿ ಸೀಸನ್ ಗೆಲ್ಲೋಕೆ ಆಗ್ಲಿಲ್ಲ, ಆಮೇಲೂ ಸೂಪರ್‌ಕ್ರಾಸಲ್ಲಿ ಆ ಕೆಲಸ ಯಾರಿಂದ್ಲೂ ಆಗಿಲ್ಲ. ಆದ್ರೆ ಔಟ್‌ಡೋರ್ಸಲ್ಲಿ? ನಾಲ್ಕು ಸಲ ಆಗಿದೆ! ರಿಕಿ ಕಾರ್ಮೈಕಲ್ 2002ರಲ್ಲಿ 24ಕ್ಕೆ 24 ಮೋಟೋ, ಮತ್ತೆ 2004ರಲ್ಲಿ 24ಕ್ಕೆ 24. ಜೇಮ್ಸ್ ಸ್ಟೀವರ್ಟ್ 2008ರಲ್ಲಿ 24ಕ್ಕೆ 24. ಆಸ್ಟ್ರೇಲಿಯಾದ ಹುಡುಗ ಜೆಟ್ ಲಾರೆನ್ಸ್ 2023ರಲ್ಲಿ 22ಕ್ಕೆ 22, ಅದೂ 450 ಕ್ಲಾಸಲ್ಲಿ ಅವನ ಮೊದಲ ವರ್ಷ.

ಯೋಚನೆ ಮಾಡಿ, ಉದ್ದ ಜಾಸ್ತಿ ಇರೋದು ಔಟ್‌ಡೋರ್ಸಲ್ಲಿ, ಎದುರಾಳಿಗಳು ಜಾಸ್ತಿ ಇರೋದು ಅಲ್ಲಿ, ಬಿಸಿಲು, ಮಳೆ, ಕೆಸರು ಎಲ್ಲ ಅಲ್ಲೇ, ಅಂದ್ಮೇಲೆ ಎಡವಟ್ಟಾಗೋ ಚಾನ್ಸೂ ಅಲ್ಲೇ ಜಾಸ್ತಿ ಇರ್ಬೇಕಲ್ವಾ, ಆದ್ರೂ ಸೋಲದ ಸೀಸನ್ ಬಂದಿರೋದು ಅಲ್ಲೇ. ನನಗನ್ಸೋದು ಇಷ್ಟು: ಸ್ಟೇಡಿಯಮ್ಮಲ್ಲಿ ಜಾಗ ಇಕ್ಕಟ್ಟು, ಮೊದಲ ತಿರುವಲ್ಲಿ ಸಿಕ್ಕಾಕ್ಕೊಂಡ್ರೆ 20 ನಿಮಿಷದಲ್ಲಿ ಎಷ್ಟು ವಾಪಸ್ ಬರ್ತೀಯಾ, ಮುಂದಿರೋನು ಒಳಗಿನ ಲೈನ್ ಮುಚ್ಚಿದ್ರೆ ಮುಗೀತು. ಗುಡ್ಡದ ಟ್ರ್ಯಾಕಲ್ಲಿ ಅಗಲ ಇದೆ, ಟೈಮಿದೆ, ಯಾರಿಗೆ ನಿಜವಾಗ್ಲೂ ಸ್ಪೀಡಿದೆ, ಯಾರ ಮೈಯಲ್ಲಿ ಕಸುವಿದೆ ಅನ್ನೋದು 20ನೇ ನಿಮಿಷದ ಹೊತ್ತಿಗೆ ಬಯಲಾಗುತ್ತೆ. ಅದೃಷ್ಟದ ಪಾಲು ಕಮ್ಮಿ.

ಇದನ್ನ ಟಿವೀಲಿ ನೋಡಿದ್ರೆ ಗೊತ್ತಾಗಲ್ಲ ಸ್ವಾಮಿ. ಈಚಿನ ವರ್ಷಗಳಲ್ಲಿ ಸೀಸನ್ ಶುರುವಾಗ್ತಿರೋದು ನಮ್ಮ ಸದರ್ನ್ ಕ್ಯಾಲಿಫೋರ್ನಿಯಾದ ಪಾಲಾದಲ್ಲೇ, ಸ್ಯಾನ್ ಡಿಯಾಗೋ ಕೌಂಟಿಯ ಬೋಳು ಬೋಳು ಗುಡ್ಡಗಳ ಮಧ್ಯೆ. ಬೆಳಿಗ್ಗೆ ಟ್ರ್ಯಾಕ್ ನೋಡಿದ್ರೆ ಉತ್ತು ನೀರು ಬಿಟ್ಟ ಗದ್ದೆ ಥರ ಮೆತ್ತಗಿರುತ್ತೆ, ಬೇಕಂತ್ಲೇ ಹಂಗೆ ಮಾಡ್ತಾರೆ. ಪ್ರಾಕ್ಟೀಸ್ ಮುಗಿಯೋಷ್ಟ್ರಲ್ಲಿ ತಿರುವುಗಳಲ್ಲಿ ಚಕ್ರ ಕೊರೆದು ರಟ್ ಬೀಳೋಕೆ ಶುರು, ಮಧ್ಯಾಹ್ನದ ಎರಡನೇ ಮೋಟೋ ಹೊತ್ತಿಗೆ ಬಿಸಿಲಿಗೆ ಅದೇ ಮಣ್ಣು ಕಲ್ಲಾಗಿ, ರಟ್ಟು ಎಷ್ಟು ಆಳ ಅಂದ್ರೆ ಕಾಲಿಡೋ ಫುಟ್‌ಪೆಗ್ ನೆಲಕ್ಕೆ ಉಜ್ಜುತ್ತೆ. ಅಂಥ ನಾಕೈದು ರಟ್ ಪಕ್ಕಪಕ್ಕ ಇರುತ್ತೆ, ಯಾವುದ್ರಲ್ಲಿ ಇಳೀಬೇಕು ಅಂತ ಹಾರ್ತಿರೋವಾಗ್ಲೇ ತೀರ್ಮಾನ ಮಾಡ್ಬೇಕು, ಇಳಿದ ಮೇಲೆ ಬದಲಾಯಿಸೋ ಹಂಗಿಲ್ಲ. ನೂರು ಕೆಜಿ ಮೀರಿದ ಬೈಕು, ಐವತ್ತಕ್ಕೂ ಹೆಚ್ಚು ಹಾರ್ಸ್‌ಪವರ್, ಎದೆಬಡಿತ ನಿಮಿಷಕ್ಕೆ 180 ದಾಟಿರುತ್ತೆ, ಅರ್ಧ ಗಂಟೆಗೂ ಮೇಲೆ ಹಂಗೇ.

ಸ್ಟಾರ್ಟ್ ಅಂತೂ ಹತ್ತಿರದಿಂದ ಒಂದ್ಸಲ ನೋಡ್ಲೇಬೇಕು. 30 ಸೆಕೆಂಡಿನ ಬೋರ್ಡ್ ಎತ್ತಿ ಪಕ್ಕಕ್ಕೆ ತಿರುಗಿಸ್ತಿದ್ದಂಗೆ 40 ಇಂಜಿನ್ ಒಟ್ಟಿಗೆ ಏರುತ್ತೆ, ಕಿವೀಲಿ ಪ್ಲಗ್ ಇಟ್ಕೊಂಡಿದ್ರೂ ಎದೆಗೂಡಲ್ಲಿ ಕೇಳ್ಸುತ್ತೆ. ರೈಡರ್‌ಗಳ ಕಣ್ಣು ಗೇಟಿನ ಸಣ್ಣ ಪಿನ್ ಮೇಲೆ, ಅದು ಅಲ್ಲಾಡೋದನ್ನೇ ಕಾಯ್ತಿರ್ತಾರೆ. ಗೇಟು ಬಿದ್ದಿದ್ದೇ ತಡ 40 ಜನ ಒಂದೇ ತಿರುವಿಗೆ, ಅಲ್ಲಿ ಮೊದಲು ನುಗ್ಗಿದವನದು ಹೋಲ್‌ಶಾಟ್. ಹಿಂದಿನವರಿಗೆ ಸಿಗೋದು ಮುಂದಿನ ಚಕ್ರ ಎಸೆಯೋ ಮಣ್ಣಿನ ಹೆಂಟೆ, ಇಲ್ಲಿ ಅದಕ್ಕೆ ರೂಸ್ಟ್ ಅಂತಾರೆ, ಬೇಲಿ ಪಕ್ಕ ನಿಂತ ನಮ್ಮ ಮೇಲೂ ಬೀಳುತ್ತೆ, ನೋವಾಗುತ್ತೆ.

ನನಗೆ ಇನ್ನೂ ಇಷ್ಟ ಆಗೋದು ಪಿಟ್, ಅಂದ್ರೆ ಟೀಮುಗಳು ಬೈಕ್ ರೆಡಿ ಮಾಡೋ ಜಾಗ. ಫ್ಯಾಕ್ಟರಿ ಟೀಮುಗಳ ಉದ್ದುದ್ದ ಟ್ರಕ್ಕು, ಹೊಳೆಯೋ ನೆಲ, ಒಬ್ಬ ರೈಡರಿಗೆ ನಾಕಾರು ಜನ. ಸ್ವಲ್ಪ ಆಚೆ ನಡೆದ್ರೆ ಪ್ರೈವೇಟಿಯರ್‌ಗಳು, ಅಂದ್ರೆ ಫ್ಯಾಕ್ಟರಿ ಟೀಮಿಲ್ದೆ ತಮ್ಮಷ್ಟಕ್ಕೆ ತಾವೇ ಓಡ್ಸೋರು, ಒಂದು ವ್ಯಾನು, ಒಂದು ಕ್ಯಾನೋಪಿ, ಅಪ್ಪನೇ ಮೆಕ್ಯಾನಿಕ್. ಒಬ್ಬ ಹುಡುಗ ಮೊದಲನೇ ಮೋಟೋ ಮುಗಿಸಿ ಬಂದು ಗ್ಲವ್ಸ್ ಬಿಚ್ಚಿದ, ಎರಡೂ ಅಂಗೈಲಿ ಬೊಬ್ಬೆ ಒಡೆದು ಚರ್ಮ ಎದ್ದಿತ್ತು, ಅಪ್ಪ ಏನೂ ಮಾತಾಡ್ದೆ ಟೇಪ್ ಸುತ್ತಿ, ಕೈ ಹಿಡಿದು ಮುಷ್ಟಿ ಮಾಡ್ಸಿ ನೋಡಿ, ಟೈರ್ ಬದಲಾಯಿಸೋಕೆ ಹೋದ್ರು. ಅವನು ಆ ದಿನ ಪಾಯಿಂಟ್ಸಲ್ಲಿ ಬಂದ್ನೋ ಇಲ್ವೋ ನೆನಪಿಲ್ಲ. ಅಲ್ಲಿನ ಜನಾನೂ ಒಂಥರಾ ಚೆಂದ, ಎಲ್ಲಿಂದ ಬಂದೆ ಅಂತ ಕೇಳೋಕೆ ಮುಂಚೆ ಯಾರ ಫ್ಯಾನ್ ಅಂತ ಕೇಳ್ತಾರೆ.

ಹಳೇ ಕಾಲದ ಕಥೆ ಕೇಳ್ಬೇಕಂದ್ರೂ ಅಲ್ಲೇ, ಮಡಚೋ ಕುರ್ಚಿ ಹಾಕ್ಕೊಂಡು ಕೂತ ಅಜ್ಜಂದಿರ ಹತ್ರ. ಈ ಆಟ ಅಮೆರಿಕಾದವರದ್ದೇ ಅಲ್ಲ ಕಣ್ರೀ, ಯೂರೋಪಿನದು. 1966ರಲ್ಲಿ ಎಡಿಸನ್ ಡೈ ಅನ್ನೋ ಹಸ್ಕ್‌ವರ್ನಾ ಆಮದುದಾರ ಸ್ವೀಡನ್ನಿನ ಟಾರ್ಸ್ಟನ್ ಹಾಲ್‌ಮನ್‌ನ ಕರೆಸಿ ಇಲ್ಲಿಯವರ ಜೊತೆ ಓಡ್ಸಿದಾಗ ಇಲ್ಲಿಯವರು ಹತ್ತಿರಕ್ಕೂ ಸುಳೀಲಿಲ್ಲ. ಆಮೇಲೆ ಬೆಲ್ಜಿಯಂನ ರೋಜರ್ ಡಿ ಕಾಸ್ಟರ್, 500 ಸಿಸೀಲಿ ಐದು ಸಲ ವಿಶ್ವ ಚಾಂಪಿಯನ್. ಇಲ್ಲೇ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡಲ್ಲಿ ನಡೀತಿದ್ದ 500 ಸಿಸಿ ಗ್ರ್ಯಾಂಡ್ ಪ್ರೀನ ಒಬ್ಬ ಅಮೆರಿಕನ್ ಗೆಲ್ಲೋಕೆ 1980 ಬರ್ಬೇಕಾಯ್ತು, ಮಾರ್ಟಿ ಮೋಟ್ಸ್. ಮರು ವರ್ಷ ದೇಶ ದೇಶಗಳ ನಡುವಿನ ಮೋಟೋಕ್ರಾಸ್ ದೆ ನೇಶನ್ಸ್‌ಗೆ ಅಮೆರಿಕಾದ ತಂಡ ಹೋಗಿ ಗೆದ್ದುಬಿಡ್ತು, ಮ್ಯಾನೇಜರ್ ಯಾರಪ್ಪಾ ಅಂದ್ರೆ ಅದೇ ಡಿ ಕಾಸ್ಟರ್! ಅಲ್ಲಿಂದ 1993ರ ವರೆಗೆ ಸಾಲಾಗಿ 13 ವರ್ಷ ಕಪ್ ಬಿಟ್ಟುಕೊಡ್ಲಿಲ್ಲ.

ಹಳೇದೆಲ್ಲ ಚಿನ್ನ ಅಂತೇನೂ ನಾನು ಹೇಳಲ್ಲ. 1977ರ 125 ಸಿಸಿ ಔಟ್‌ಡೋರ್ ಚಾಂಪಿಯನ್‌ಶಿಪ್ಪಿನ ಕೊನೇ ರೌಂಡು, ಸ್ಯಾನ್ ಆಂಟೋನಿಯೋ. ಯಮಹಾದ ಬಾಬ್ ಹ್ಯಾನಾ ಮುಂದಿದ್ದಾನೆ, ಆದ್ರೆ ಟೈಟಲ್ ಬೇಕಿರೋದು ಅದೇ ಟೀಮಿನ ಬ್ರಾಕ್ ಗ್ಲೋವರ್‌ಗೆ, ಎದುರಾಳಿ ಸುಜುಕಿಯ ಡ್ಯಾನಿ ಲಾಪೋರ್ಟ್. ಹ್ಯಾನಾಗೆ ಪಿಟ್ ಬೋರ್ಡಲ್ಲಿ, ಅಂದ್ರೆ ಟ್ರ್ಯಾಕ್ ಪಕ್ಕದಿಂದ ಮೆಕ್ಯಾನಿಕ್ ತೋರಿಸೋ ಹಲಗೇಲಿ, ಬರೆದು ತೋರಿಸಿದ್ರು, ಬ್ರಾಕ್‌ಗೆ ದಾರಿ ಬಿಡು ಅಂತ, ಗ್ರ್ಯಾಂಡ್‌ಸ್ಟ್ಯಾಂಡೆಲ್ಲ ಓದೋ ಹಂಗೆ. ಹ್ಯಾನಾ ಬಿಟ್ಟ. ಪಾಯಿಂಟ್ ಸಮ ಆಗಿ, ಗೆಲುವು ಜಾಸ್ತಿ ಇದ್ದ ಗ್ಲೋವರ್ ಚಾಂಪಿಯನ್. ಇವತ್ತಿಗೂ ಈ ಬೋರ್ಡಿನ ಮಾತೆತ್ತಿದ್ರೆ ಸುಜುಕಿ ಅಭಿಮಾನಿ ಅಜ್ಜಂದಿರಿಗೆ ಬಿಪಿ ಏರುತ್ತೆ.

ಆಗ ಫ್ಯಾಕ್ಟರಿಯವರು ಒಬ್ಬ ರೈಡರಿಗೋಸ್ಕರ ಕೈಯಲ್ಲೇ ಮಾಡಿದ ವರ್ಕ್ಸ್ ಬೈಕ್ ತರ್ತಿದ್ರು, ಅಂಗಡೀಲಿ ಸಿಗೋ ಬೈಕಿಗೂ ಅದಕ್ಕೂ ಸಂಬಂಧಾನೇ ಇರ್ತಿರ್ಲಿಲ್ಲ. 1986ರಲ್ಲಿ ಇಲ್ಲಿನ ಮೋಟರ್‌ಸೈಕಲ್ ಸಂಸ್ಥೆ ಎಎಂಎ ಅದನ್ನ ಬಂದ್ ಮಾಡಿ, ಅಂಗಡೀಲಿ ಸಿಗೋ ಬೈಕನ್ನೇ ಆಧಾರ ಮಾಡ್ಕೋಬೇಕು ಅನ್ನೋ ಪ್ರೊಡಕ್ಷನ್ ರೂಲ್ ತಂದಿದ್ದು ಒಳ್ಳೇದೇ ಆಯ್ತು. ಆದ್ರೆ ಇನ್ನೊಂದು ಬದಲಾವಣೆ ಬಗ್ಗೆ ನನಗಿನ್ನೂ ಹೊಟ್ಟೆ ಉರಿ ಇದೆ. 1997ರಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸಲ್ಲಿ ಡಗ್ ಹೆನ್ರಿ ಯಮಹಾದ 400 ಸಿಸಿ ಫೋರ್ ಸ್ಟ್ರೋಕ್ ಬೈಕಲ್ಲಿ ಗೆದ್ದ, ಮರುವರ್ಷ ಔಟ್‌ಡೋರ್ ಟೈಟಲ್ಲೂ ತಗೊಂಡ. ಈ ಹೆನ್ರಿ ಮನುಷ್ಯಾನೇ ಒಂದು ಅದ್ಭುತ, 1995ರಲ್ಲಿ ಬಡ್ಸ್ ಕ್ರೀಕ್ ಟ್ರ್ಯಾಕಲ್ಲಿ ಬಿದ್ದು ಬೆನ್ನುಮೂಳೆ ಮುರ್ಕೊಂಡು ಎದ್ದು ಬಂದೋನು. ಗೆಲುವಿನ ಬಗ್ಗೆ ತಕರಾರಿಲ್ಲ, ರೂಲ್ ಬಗ್ಗೆ ಇರೋದು. 250 ಟೂ ಸ್ಟ್ರೋಕ್ ಎದುರಿಗೆ 450 ವರೆಗೆ ಫೋರ್ ಸ್ಟ್ರೋಕ್ ಬಿಟ್ರೆ ಯಾರು ಗೆಲ್ತಾರೆ ಹೇಳಿ? ಟೂ ಸ್ಟ್ರೋಕಿನ ಪವರ್ ಬರೋದು ಮೇಲಿನ ಒಂದಿಷ್ಟು ಆರ್‌ಪಿಎಂನಲ್ಲಿ ಮಾತ್ರ, ಕ್ಲಚ್ ಮೇಲೆ ಬೆರಳಿಟ್ಟು ಅದನ್ನ ಕಾಪಾಡ್ಕೋಬೇಕು, ಫೋರ್ ಸ್ಟ್ರೋಕ್ ಕೆಳಗಿಂದ್ಲೇ ಎಳೆಯುತ್ತೆ. ಹತ್ತು ವರ್ಷ ಕಳೆಯೋಷ್ಟ್ರಲ್ಲಿ ಪ್ರೊ ಗೇಟಲ್ಲಿ ಟೂ ಸ್ಟ್ರೋಕ್ ಕಾಣೋದೇ ಅಪರೂಪ ಆಯ್ತು. ಜೊತೆಗೆ ಇಂಜಿನ್ ಬಿಚ್ಚಿ ಕಟ್ಟೋ ಖರ್ಚು ಏರಿತು, ಆ ವ್ಯಾನಿನ ಅಪ್ಪ ಮಗನಿಗೆ ಅದು ಸಣ್ಣ ವಿಷ್ಯ ಅಲ್ಲ.

ಈಗಿನವರ ಸ್ಪೀಡ್ ಬಗ್ಗೆ ಅನುಮಾನಾನೇ ಬೇಡ, ಸ್ಟೀವರ್ಟ್ ಶುರು ಮಾಡಿದ ಸ್ಕ್ರಬ್, ಅಂದ್ರೆ ಜಂಪಲ್ಲಿ ಬೈಕನ್ನ ಮಲಗಿಸಿ ಎತ್ತರ ಕಮ್ಮಿ ಮಾಡಿ ಬೇಗ ನೆಲಕ್ಕಿಳಿಯೋದು, ಇವತ್ತು ಹದಿನಾರರ ಹುಡುಗ್ರಿಗೂ ಬರುತ್ತೆ. (ಭಾವ, ನೀವು ಸರ್ಕಸ್ ಅಂದಿದ್ದು ಇದನ್ನೇ.) ಆದ್ರೆ ಸ್ಪೀಡ್ ಏರಿದಷ್ಟೂ ಮೂಳೆ ಮುರಿಯೋದೂ ಏರಿದೆ ಅನ್ನೋದು ನನ್ನ ಅನಿಸಿಕೆ. 2023ರ ಸೂಪರ್‌ಕ್ರಾಸ್ ನೋಡಿ. ಟೈಟಲ್ ಓಟದಲ್ಲಿದ್ದ ಕೂಪರ್ ವೆಬ್ ನ್ಯಾಶ್‌ವಿಲ್‌ನಲ್ಲಿ ಬಿದ್ದು ಹೊರಗೆ. ಕೊನೇಗೆ ಇನ್ನೊಂದೇ ರೌಂಡ್ ಬಾಕಿ ಇರೋವಾಗ ಡೆನ್ವರ್, ಎಲಾಯ್ ಟೊಮ್ಯಾಕ್‌ನ ಸ್ವಂತ ರಾಜ್ಯ, ಪಾಯಿಂಟಲ್ಲೂ ಅವನೇ ಮುಂದೆ, ರೇಸಲ್ಲೂ ಅವನೇ ಮುಂದೆ, ಒಂದು ಲ್ಯಾಂಡಿಂಗಲ್ಲಿ ಬೀಳದೆನೇ ಹಿಮ್ಮಡಿ ನರ ಹರಿದುಹೋಯ್ತು. ಚಾಂಪಿಯನ್ ಆಗಿದ್ದು ಚೇಸ್ ಸೆಕ್ಸ್‌ಟನ್. ಆ ಬೇಸಿಗೇಲೇ ಜೆಟ್‌ನ 22ಕ್ಕೆ 22 ಬಂದಿದ್ದು, ಟೊಮ್ಯಾಕ್ ಇಲ್ಲ, ಸೆಕ್ಸ್‌ಟನ್ ಮಧ್ಯ ಕೆಲವು ರೌಂಡ್ ಬರ್ಲಿಲ್ಲ. ಹಾಗಂತ ಜೆಟ್ ಕಮ್ಮಿ ಅಂತಲ್ಲ, 2025ರ ಶುರುವಲ್ಲಿ ಮೊಣಕಾಲಿನ ಎಸಿಎಲ್ ಹರ್ಕೊಂಡು ಬೇಸಿಗೇಲಿ ವಾಪಸ್ ಬಂದು ಔಟ್‌ಡೋರ್ ಟೈಟಲ್ ಗೆದ್ದೋನು. ಆದ್ರೆ ಆ ನಾಲ್ಕು ಸೋಲದ ಸೀಸನ್ನಲ್ಲಿ ಒಂದನ್ನ ಆರಿಸು ಅಂದ್ರೆ ನಾನು ಆರ್ಸೋದು ಕಾರ್ಮೈಕಲ್‌ನ 2004. ಅವನಿಗೂ ಆ ಬೇಸಿಗೆಗೆ ಮುಂಚೆ ಮೊಣಕಾಲಿನ ಆಪರೇಷನ್, ಸೂಪರ್‌ಕ್ರಾಸ್ ಪೂರ್ತಿ ಮನೇಲಿ, ಬೈಕು ಹೊಸದು, ಟೂ ಸ್ಟ್ರೋಕ್ ಬಿಟ್ಟು 450 ಫೋರ್ ಸ್ಟ್ರೋಕ್, ಎದುರಿಗೆ ಚ್ಯಾಡ್ ರೀಡ್, ಕೆವಿನ್ ವಿಂಡಮ್. ಪಾಲಾದ ಅಜ್ಜನೊಬ್ಬರು ಒಪ್ಪಲ್ಲ, 2002 ಅಂತಾರೆ, ಟೂ ಸ್ಟ್ರೋಕಲ್ಲಿ ಗೆದ್ದಿದ್ದೇ ನಿಜವಾದ ಗೆಲುವಂತೆ. ಹೊಟ್ಟೆ ಉರಿ ನನಗೂ ಇರೋದ್ರಿಂದ ಜೋರಾಗಿ ಎದುರು ಮಾತಾಡೋಕಾಗಲ್ಲ.

ಮೇ ಕೊನೇಲಿ ಯಾರಾದ್ರೂ ಈ ಕಡೆ ಬರೋ ಪ್ಲಾನ್ ಇದ್ರೆ ಹೇಳಿ, ಕರ್ಕೊಂಡು ಹೋಗ್ತೀನಿ. ಟೋಪಿ, ಸನ್‌ಸ್ಕ್ರೀನು, ಕಿವಿಗೆ ಪ್ಲಗ್ಗು, ಹಾಳಾದ್ರೂ ಪರವಾಗಿಲ್ಲ ಅನ್ನೋ ಬಟ್ಟೆ. ಮೊದಲನೇ ಜಾಗದಲ್ಲಿ ಹೋಗೋನನ್ನ ಕ್ಯಾಮೆರಾದವರು ನೋಡ್ಕೋತಾರೆ ಬಿಡಿ, ನೀವು ಕೆಟ್ಟ ಸ್ಟಾರ್ಟ್ ತಗೊಂಡು ಹದಿನೈದನೇ ಜಾಗದಲ್ಲಿ ಸಿಕ್ಕಾಕ್ಕೊಂಡ ಫ್ಯಾಕ್ಟರಿ ರೈಡರ್ ಒಬ್ಬನನ್ನ ಹಿಡ್ಕೊಳ್ಳಿ, ಪ್ರತಿ ಲ್ಯಾಪು ಅವನು ಎಷ್ಟನೇದಾಗಿ ಬರ್ತಾನೆ, ಯಾವ ರಟ್ ಬಿಟ್ಟು ಯಾವುದಕ್ಕೆ ಹೋದ, ಯಾರನ್ನ ಎಲ್ಲಿ ದಾಟಿದ, ಬೇಲಿ ಪಕ್ಕ ನಡ್ಕೊಂಡೇ ಎಣಿಸ್ತಾ ಹೋಗಿ.