ಪೋರ್ಟೊ ನೋಡಬೇಕಾದರೆ ಆಚೆ ದಡ

ಅಕ್ಟೋಬರ್ 11, 2024, ಶುಕ್ರವಾರ

ಪೋರ್ಚುಗಲ್‌ನ ಪೋರ್ಟೊಗೆ ಅಂತ ಬಂದು ರೂಮು ಹಿಡಿದಿರುವುದು ದೌರೊ ನದಿಯ ಆಚೆ ದಡದಲ್ಲಿ, ವಿಲಾ ನೋವಾ ದೆ ಗೈಯಾ ಅನ್ನುವ ಬೇರೆ ಊರಲ್ಲಿ. ಊರೊಳಗೆ ಕೂತರೆ ಊರು ಕಾಣಲ್ಲ ಅಂತ ಹಟ ಮಾಡಿ ಯೀಟ್‌ಮನ್ ಹೋಟೆಲ್ ಬುಕ್ ಮಾಡಿದ್ದು ಇವರು. ಬಾಡಿಗೆ ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಬೆಳಿಗ್ಗೆ ಪರದೆ ಸರಿಸಿದ ಮೇಲೆ ಸುಮ್ಮನಾದೆ. ನದಿಯ ಮೇಲೆ ಮಂಜು. ಅದರಾಚೆ ಪೋರ್ಟೊದ ಹಳೇ ದಡದ ಬೀದಿ ರಿಬೆಯ್ರಾದ ಹಳದಿ, ಕೆಂಪು ಮನೆಗಳು ಒತ್ತೊತ್ತಾಗಿ ಗುಡ್ಡ ಹತ್ತಿವೆ, ತುದಿಯಲ್ಲಿ ಕ್ಲೆರಿಗೊಸ್ ಗೋಪುರ. ಕೆಳಗೆ ಹೋಟೆಲಿನ ಈಜುಕೊಳ, ಅದೂ ವೈನ್ ಬಗ್ಗಿಸಿಡುವ ಗಾಜಿನ ಹೂಜಿ, ಡಿಕ್ಯಾಂಟರ್ ಆಕಾರದ್ದು. ಶೋಕಿ ಸ್ವಲ್ಪ ಜಾಸ್ತಿಯಾಯ್ತು ಅನಿಸಿತು. ಆದರೂ ಫೋಟೊ ತೆಗೆದೆ.

ತಿಂಡಿ ಮುಗಿಸಿ ದೊಂ ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ನಡೆದೇ ಊರೊಳಗೆ ಹೋದೆವು. ಪಕ್ಕದಲ್ಲೇ ಮೆಟ್ರೊ ಓಡುತ್ತದೆ, ಕೆಳಗೆ ನೋಡಿದರೆ ತಲೆ ಗಿರ್ ಅನ್ನುತ್ತದೆ. 1886ರ ಈ ಕಬ್ಬಿಣದ ಕಮಾನನ್ನು ಐಫೆಲ್ ಕಟ್ಟಿದ್ದು ಅಂತ ಪಕ್ಕದಲ್ಲಿ ಯಾರೋ ಮಗನಿಗೆ ಹೇಳುತ್ತಿದ್ದರು. ಅಲ್ಲ, ಇದು ಅವನ ಹಳೇ ಪಾಲುದಾರ ಸೆಯ್ರಿಗ್‌ನ ವಿನ್ಯಾಸ. ಸಾವ್ ಬೆಂತೊ ರೈಲು ನಿಲ್ದಾಣದಲ್ಲಿ ಸುಮಾರು 20,000 ನೀಲಿ ಚಿತ್ತಾರದ ಟೈಲ್ಸ್‌ಗಳ ಗೋಡೆ ನೋಡಿದೆವು. ಜನ ಟ್ರೈನ್ ಬಿಟ್ಟು ಗೋಡೆ ನೋಡುತ್ತಾ ನಿಂತಿದ್ದರು.

ಊಟಕ್ಕೆ ಬಕಲ್ಯಾವ್ ಆ ಗೋಮೆಸ್ ದೆ ಸಾ, ಇದೇ ಊರಿನ ಅಡುಗೆ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ನೆನೆಸಿ, ಉಪ್ಪು ಬಿಡಿಸಿ, ಆಲೂಗಡ್ಡೆ, ಈರುಳ್ಳಿ, ಬೆಂದ ಮೊಟ್ಟೆ, ಕಪ್ಪು ಆಲಿವ್ ಜೊತೆ ಓವನ್ನಿನಲ್ಲಿ ಬೇಯಿಸುತ್ತಾರೆ. ಎಣ್ಣೆಗೆ ಲೆಕ್ಕವೇ ಇಲ್ಲ. ತಮಾಷೆ ಅಂದರೆ ಆ ಮೀನು ಪೋರ್ಚುಗೀಸರ ಸಮುದ್ರದ್ದಲ್ಲ, ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬರುತ್ತದೆ. ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಅಮ್ಮನ ವಿಡಿಯೊ ಕಾಲ್. ಅಲ್ಲಿ ಆಯುಧಪೂಜೆ ಮುಗಿದು ಸಂಜೆಯಾಗಿತ್ತು. "ನವರಾತ್ರೀಲಿ ಮೀನು ಎಂತದು ಮಾರಾಯ್ತಿ?" ಅಂದರು. ಫೋನನ್ನು ಇವರ ಕೈಗೆ ದಾಟಿಸಿದೆ.

ಮಧ್ಯಾಹ್ನ ಗೈಯಾಕ್ಕೆ ವಾಪಸ್ ಬಂದು ಪೋರ್ಟ್ ಅನ್ನುವ ಸಿಹಿ ವೈನಿನ ಒಂದು ಹಳೇ ಗೋದಾಮಿಗೆ ಹೋದೆವು. ಹೊರಗೆ ಬಿಸಿಲು, ಒಳಗೆ ಕಾಲಿಟ್ಟರೆ ತಣ್ಣಗೆ. ಸಾಲು ಸಾಲು ಕಪ್ಪು ಪೀಪಾಯಿಗಳು, ಒಂದೊಂದರಲ್ಲಿ ಸುಮಾರು 550 ಲೀಟರ್. ಹಸಿ ಮರ, ಒಣದ್ರಾಕ್ಷಿ, ಸ್ವಲ್ಪ ಬೂಸ್ಟು ಸೇರಿದ ವಾಸನೆ. ದ್ರಾಕ್ಷಿ ಬೆಳೆಯುವುದು ನದಿಯ ಮೇಲ್ದಂಡೆಯ ದೌರೊ ಕಣಿವೆಯಲ್ಲಿ. 1756ರಲ್ಲೇ ಆಗಿನ ಪೋರ್ಚುಗಲ್ ಮಂತ್ರಿ ಪೊಂಬಾಲ್ ಅದಕ್ಕೆ ಗಡಿ ಹಾಕಿಸಿದ್ದ. ಮಾಗುವುದು ಇಲ್ಲಿ ಗೈಯಾದಲ್ಲಿ, ಉತ್ತರಕ್ಕೆ ಮುಖ ಮಾಡಿದ, ಸಮುದ್ರದ ತೇವ ಬರುವ ಈ ಇಳಿಜಾರಿನಲ್ಲಿ. ಹೆಸರು ಮಾತ್ರ ಪೋರ್ಟೊದ್ದು!

ಸಿಹಿ ಹೇಗೆ ಉಳಿಯುತ್ತದೆ ಅಂತ ಕೇಳಿದೆ. ರಸ ಹುದುಗು ಬರುತ್ತಿರುವಾಗಲೇ ದ್ರಾಕ್ಷಿಯ ಗಟ್ಟಿ ಸ್ಪಿರಿಟ್ ಸುರಿಯುತ್ತಾರಂತೆ. ಯೀಸ್ಟ್ ಅಲ್ಲಿಗೇ ಸಾಯುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ, ಮದ್ಯಾಂಶ ಶೇಕಡಾ 20ರ ಆಸುಪಾಸು. ಆಮೇಲೆ ರುಚಿ ನೋಡುವ ಸರದಿ. ರೂಬಿ ಅನ್ನುವ ಬಗೆ ಗಾಢ ಕೆಂಪು, ಚೆರ್ರಿ ಹಣ್ಣಿನ ಜೋರು. ನನಗೆ ಅಷ್ಟು ಹಿಡಿಸಲಿಲ್ಲ. ಪೀಪಾಯಿಯಲ್ಲೇ ಮಾಗಿಸುವ ಬಗೆ, 20 ವರ್ಷದ ಟಾನಿ ಮಾತ್ರ ಬೇರೆಯೇ ಲೋಕ. ಮರದ ಸಂದಿನಿಂದ ಗಾಳಿ ಆಡಿ ಆಡಿ ಕೆಂಪು ಬಣ್ಣ ಕಳೆದು ಜೇನಿನ ಬಣ್ಣಕ್ಕೆ ಬಂದಿತ್ತು. ಮೊದಲು ಅಕ್ರೋಟು, ಆಮೇಲೆ ಒಣ ಅಂಜೂರ, ಕೊನೆಗೆ ಕಿತ್ತಳೆ ಸಿಪ್ಪೆಯ ಸಣ್ಣ ಕಹಿ. ಗುಟುಕು ಇಳಿದು ಎಷ್ಟೋ ಹೊತ್ತಾದರೂ ಬಾಯಲ್ಲಿ ಅದೇ. ಎಲ್ಲವೂ 20 ವರ್ಷದ್ದೇ ಅಲ್ಲ, ಹಳತು ಹೊಸತು ಬೆರೆಸಿ ಆ ಹದಕ್ಕೆ ತರುತ್ತಾರೆ. ಒಂದು ಬಾಟಲಿ ಕೊಂಡೆವು. ಇವರು ಬಿಲ್ ಕಡೆ ನೋಡಲೇ ಇಲ್ಲ, ನಾನು ನೋಡಿದೆ.

ರಾತ್ರಿ ಊಟದ ಮೇಜಿಗೆ ಕೇಳದೆಯೇ ಬ್ರೆಡ್, ಆಲಿವ್, ಬೆಣ್ಣೆ ಬಂತು. ಪುಕ್ಕಟೆಯಲ್ಲ, ಮುಟ್ಟಿದರೆ ದುಡ್ಡು. ಬೇಡ ಅಂದರೆ ತೆಗೆದುಕೊಂಡು ಹೋಗುತ್ತಾರೆ, ಯಾರೂ ಮುಖ ಕೆಡಿಸಿಕೊಳ್ಳಲ್ಲ. ನಾವು ಆಲಿವ್ ಮಾತ್ರ ಉಳಿಸಿಕೊಂಡೆವು. ಮೊದಲು ವೈಟ್ ಪೋರ್ಟ್‌ಗೆ ಟಾನಿಕ್, ನಿಂಬೆ ಹಾಕಿ ಕೊಟ್ಟರು. ನಮ್ಮೂರಿನ ಸೆಕೆಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ ಅಂದೆ. ಇವರು ಎರಡನೇದು ಹೇಳಿಯಾಗಿತ್ತು.

ನಾಳೆ ದ್ರಾಕ್ಷಿ ತೋಟಕ್ಕೆ, ದೌರೊ ಕಣಿವೆಯ ಪಿನ್ಯಾವ್‌ಗೆ ಟ್ರೈನು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಬೇಕು, ನದಿ ಆ ಕಡೆ. ಅದಕ್ಕೆ ಬೇಗ ಏಳಬೇಕು ಅಂತ ಇವರಿಗೆ ಹೇಳಿದ್ದೇನೆ, ಏಳುವ ಲಕ್ಷಣ ಕಾಣುತ್ತಿಲ್ಲ.