ಅಜ್ಜನ ಹಾರ್ಮೋನಿಯಂ: 39 ಮನೆಗಳ ರಿಪೇರಿ

ಜುಲೈ 13

ಮೆತ್ತಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜನ ಹಾರ್ಮೋನಿಯಂ ಇಂದು ಜಗುಲಿಗೆ ಇಳಿಯಿತು. ಶಿರಸಿಯ ಆಷಾಢ, ಹೊರಗೆ ಕಾಲಿಡುವ ಹಾಗಿಲ್ಲ, ಕೈಗೊಂದು ಕೆಲಸ ಬೇಕಿತ್ತು. ತಿದಿ ಒತ್ತಿದರೆ ಗಾಳಿ ನಿಲ್ಲುತ್ತದೆ. ಅಷ್ಟಿದ್ದರೆ ಉಳಿದದ್ದಕ್ಕೆಲ್ಲ ಮದ್ದಿದೆ ಎಂದುಕೊಂಡೆ. ಬೆರಳಿಟ್ಟು ಒತ್ತುವ ಪಟ್ಟಿಗಳೇ ಇದರ ಮನೆಗಳು: 23 ಬಿಳಿ ಮನೆ, 16 ಕಪ್ಪು ಮನೆ. ಒಂಬತ್ತು ಬಿಳಿ ಮನೆಗಳು ಒತ್ತಿದರೆ ಒತ್ತಿದಲ್ಲೇ ಉಳಿಯುತ್ತವೆ. ಮೂರು ಎಷ್ಟು ಒತ್ತಿದರೂ ಬಾಯಿ ಬಿಡುವುದಿಲ್ಲ. ಒಂದಂತೂ ಮುಟ್ಟದಿದ್ದರೂ ಅಳುತ್ತದೆ.

ಮೊದಲ ಸಪ್ತಕದ ಕಪ್ಪು ಎರಡು (ಎಡದಿಂದ ಎರಡನೆಯ ಕಪ್ಪು ಮನೆ) ಮತ್ತು ಕಪ್ಪು ಐದರ ಬಗಲಲ್ಲಿ ಮಾತ್ರ ಸಣ್ಣ ತಗ್ಗುಗಳಿವೆ. ಇಲಿಯ ಕೆಲಸ ಎಂದು ಬೈದುಕೊಳ್ಳುತ್ತಿದ್ದೆ. ಅಪ್ಪಯ್ಯ ನೋಡಿ ನಕ್ಕರು. ಬೆಂಕಿಕಡ್ಡಿಯ ಗುರುತಂತೆ ಅದು. ತಾಳಮದ್ದಳೆಯಲ್ಲಿ ಅಜ್ಜನದು ಶ್ರುತಿ, ಹಾಡಿನುದ್ದಕ್ಕೂ ನಿಲ್ಲದೆ ನುಡಿಯುವ ಆಧಾರ ಸ್ವರ. ಊರಿನ ಭಾಗವತರು ಹಾಡುತ್ತಿದ್ದದ್ದು ಕಪ್ಪು ಎರಡರಲ್ಲಿ. ಷಡ್ಜ ಅಲ್ಲಿ, ಪಂಚಮ ಕಪ್ಪು ಐದರಲ್ಲಿ. ಬೆಳತನಕ ಎರಡು ಬೆರಳು ಊರಿ ಕೂರುವವರು ಯಾರು? ಅಜ್ಜ ಎರಡು ಕಡ್ಡಿ ಸಿಕ್ಕಿಸಿ, ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ಕವಳದ ಸಂಚಿ ಹಿಡಿಯುತ್ತಿದ್ದರು. ಈ ಪೆಟ್ಟಿಗೆ ಮನೆಗೆ ಬಂದದ್ದು 1962ರಲ್ಲಿ. ಆಕಾಶವಾಣಿ ಹಾರ್ಮೋನಿಯಂ ಅನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ರೇಡಿಯೋದವರಿಗೆ ಬೇಡವಾದದ್ದು ನಮ್ಮ ಜಗುಲಿಯಲ್ಲಿ ರಾತ್ರಿಯಿಡೀ ಕೂಗುತ್ತಿತ್ತು.

ಜುಲೈ 20

ಬಿಚ್ಚಿದೆ. ಕಂಪ್ಯೂಟರಿನ ಕೀಲಿ ಒತ್ತಿದರೆ ಒಳಗೆ ವಿದ್ಯುತ್ತಿನ ದಾರಿ ಕೂಡುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ, ಇದು ಬರೀ ಬಾಗಿಲು. ಮುಂದಿನ ತುದಿ ತಗ್ಗಿದಾಗ ಹಿಂದಿನ ತುದಿ ಏಳುತ್ತದೆ, ತೊಗಲು ಅಂಟಿಸಿದ ಪುಟ್ಟ ಮುಚ್ಚಳ ತೂತನ್ನು ಬಿಡುತ್ತದೆ, ತಿದಿಯ ಗಾಳಿ ಹಿತ್ತಾಳೆಯ ರೀಡಿನ ನಾಲಿಗೆಯನ್ನು ನಡುಗಿಸಿ ಹೊರಗೆ ಬರುತ್ತದೆ. ಬೆರಳೆತ್ತಿದರೆ ತಂತಿಯ ಸ್ಪ್ರಿಂಗ್ ಬಾಗಿಲು ಹಾಕುತ್ತದೆ. ಬಾಗಿಲನ್ನು ಎಷ್ಟು ರಭಸದಿಂದ ತೆರೆದರೂ ಸದ್ದು ಜೋರಾಗುವುದಿಲ್ಲ. ಜೋರೆಲ್ಲ ತಿದಿಯ ಕೈಯಲ್ಲಿದೆ. (ಟಿವಿ ರಿಮೋಟಿನ ಸೆಲ್ ಸೊರಗಿದಾಗ ಆಯಿ ಉಗುರು ಬಿಳುಚುವಷ್ಟು ಗುಂಡಿ ಅಮುಕುತ್ತಾರೆ. ಅಲ್ಲಿಯೂ ಅದೇ ಕಥೆ, ಆದರೆ ಹೇಳಿ ಪ್ರಯೋಜನವಿಲ್ಲ.)

ಅಳುವ ಮನೆಯ ಮುಚ್ಚಳ ಎತ್ತಿದರೆ ತೂತಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಕೆಂಪು ಮಣ್ಣು. ಕುಂಬಾರ ಹುಳು ಗೂಡು ಕಟ್ಟಲು ಶುರುಮಾಡಿ, ಏಕೋ ಮನಸ್ಸು ಬದಲಿಸಿ ಹೋಗಿದೆ. ಕೆರೆದು ತೆಗೆದ ಕೂಡಲೇ ಅಳು ನಿಂತಿತು. ಮೂಕವಾದ ಮೂರಕ್ಕೂ ರೀಡುಗಳ ಹಸಿರು ಕಿಲುಬೇ ಕಾರಣ. ನಾಲಿಗೆಯಡಿ ತೆಳು ಕಾಗದ ತೂರಿಸಿ ಮೆಲ್ಲನೆ ಎಳೆದೆ. ಎರಡು ಮಾತಾಡಿದವು, ಮೂರನೆಯದು ಗೊಗ್ಗರು ದನಿಯಲ್ಲಿ ಸ್ವಲ್ಪ ಇಳಿದು ನುಡಿಯುತ್ತಿದೆ. ನಾಲಿಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಗೊತ್ತಿದೆ, ಆದರೂ ಕೈ ಹಾಕಲಿಲ್ಲ. ಉಜ್ಜಿದ ಹಿತ್ತಾಳೆ ಮರಳಿ ಬೆಳೆಯುವುದಿಲ್ಲ.

ಜುಲೈ 27

ಹಿತ್ತಾಳೆಗೆ ತೋರಿದ ವಿವೇಕವನ್ನು ಮರಕ್ಕೆ ತೋರಲಿಲ್ಲ ಎನ್ನುವುದು ಈಗ, ಈ ಸಾಲುಗಳನ್ನು ಸೇರಿಸುವಾಗ ತಿಳಿಯುತ್ತದೆ. ಆ ದಿನ ಮಾತ್ರ ಖುಷಿಯೋ ಖುಷಿ. ಕಚ್ಚಿಕೊಳ್ಳುತ್ತಿದ್ದ ಒಂಬತ್ತು ಮನೆಗಳ ಎರಡೂ ಬಗಲನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಎಲ್ಲವೂ ಬೆಣ್ಣೆಯಂತೆ ಇಳಿದು ಏಳತೊಡಗಿದವು. ರಾತ್ರಿ ಊಟದ ನಂತರ ಸರಳೆ ವರಸೆ ನುಡಿಸಿ ಮನೆಯವರಿಂದ ಬೈಸಿಕೊಂಡೆ.

ಫೆಬ್ರುವರಿ 8

ಅಡಿಕೆ ಕೊಯ್ಲಿನ ಗಲಾಟೆಯಲ್ಲಿ ಪೆಟ್ಟಿಗೆಯ ಕಡೆ ತಿರುಗಿರಲಿಲ್ಲ. ಇಂದು ತೆರೆದರೆ ಅದೇ ಒಂಬತ್ತು ಮನೆಗಳು ಹಲ್ಲು ಸಡಿಲಾದವರಂತೆ ಅಲುಗಾಡುತ್ತಿವೆ. ಒಂದನ್ನು ಒತ್ತಿದರೆ ಪಕ್ಕದ್ದಕ್ಕೆ ತಾಗಿ ಟಕ್ ಎನ್ನುತ್ತದೆ. ಸ್ವರಕ್ಕಿಂತ ಟಕ್ಕೇ ಮುಂದೆ.

ಬಾಗಿಲ ಕೆಲಸಕ್ಕೆ ಬಂದಿದ್ದ ಆಚಾರಿಯವರಿಗೆ ತೋರಿಸಿದೆ. ಅವರು ಒಂದು ಮನೆಯನ್ನು ಬೆರಳಲ್ಲಿ ಅಲ್ಲಾಡಿಸಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ತಿಂಗಳಲ್ಲಿ ಉಜ್ಜಿದಿರಿ?"

ಮರ ನೀರಿನ ಪಸೆ ಕುಡಿದು ಅಡ್ಡಕ್ಕೆ ಊದುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ನಾವು ಕೀಸುಳಿ ಹಾಕಿಸುವುದಿಲ್ಲ, ದೀಪಾವಳಿಯವರೆಗೆ ಕಾಯುತ್ತೇವೆ. ಪೆಟ್ಟಿಗೆಯ ಬಾಗಿಲುಗಳಿಗೂ ಅದೇ ನಿಯಮ ಎಂದು ಹೊಳೆಯದೇ ಹೋಯಿತು. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗ ಅವನ ಕಣ್ಣೆದುರು ನಮ್ಮ ಆಷಾಢ ಇರಲಿಲ್ಲ. ಅವನನ್ನು ಬೈಯುವುದಕ್ಕೂ ಬರುವುದಿಲ್ಲ. ತಪ್ಪು ನನ್ನದೇ.

ಫೆಬ್ರುವರಿ 15

ಉಜ್ಜಿದ ಬಗಲುಗಳಿಗೆ ಹಳೆಯ ಮಲ್ ಪಂಚೆಯ ಪಟ್ಟಿಗಳನ್ನು ಅಂಟಿಸುತ್ತಿದ್ದೇನೆ. ಅಂಟು ಸರೇಸು, ಮುಂದಿನ ಮಳೆಗೆ ಹೆಚ್ಚಾಯಿತು ಎನ್ನಿಸಿದರೆ ಬಿಸಿನೀರು ಮುಟ್ಟಿಸಿ ಬಿಡಿಸಬಹುದು. ಒಂದು ಪದರ ಸಾಲಲಿಲ್ಲ, ಎರಡು ಪದರಕ್ಕೆ ಟಕ್ ನಿಂತಿತು. ಆರು ಮನೆ ಮುಗಿದಿವೆ.

ಸಂಜೆ ಪರೀಕ್ಷಿಸುವಾಗ ಕರೆಂಟು ಹೋಯಿತು. ಕೀಬೋರ್ಡಿನಲ್ಲಿಯಾದರೆ ಎಫ್ ಮತ್ತು ಜೆ ಮೇಲಿನ ಸಣ್ಣ ಉಬ್ಬು ಬೆರಳಿಗೆ ದಾರಿ ಹೇಳುತ್ತದೆ. ಇಲ್ಲಿ ಎರಡು ಕಪ್ಪು, ಮೂರು ಕಪ್ಪು ಎಂದು ತಡವಿ ಎಣಿಸಬೇಕು. ಹಾಗೆ ತಡವುತ್ತಿದ್ದಾಗ ಬೆರಳು ಬೆಂಕಿಕಡ್ಡಿಯ ತಗ್ಗಿಗೆ ಸಿಕ್ಕಿತು. ಕತ್ತಲಲ್ಲೇ ಎರಡು ಕಡ್ಡಿ ಸಿಕ್ಕಿಸಿ ತಿದಿ ಒತ್ತಿದೆ. ಒಳಗಿನಿಂದ ಅಪ್ಪಯ್ಯ, "ಪಂಚಮ ಚೂರು ಇಳಿದಿದೆ" ಎಂದರು. ಹೌದು, ಅದೇ ಗೊಗ್ಗರು ರೀಡು.

ಉಳಿದ ಮೂರು ಮನೆಗಳಿಗೆ ಮುಂದಿನ ಭಾನುವಾರ ಬಟ್ಟೆ. ಅರ ಎಲ್ಲಿಟ್ಟಿದ್ದೇನೆಂದು ಹುಡುಕಬೇಕು.