ಒಂದು ಟೇಕ್ ಹಾಳು ಮಾಡಿದ ಕಥೆ

ಹೋದ ಶನಿವಾರ ನನ್ನಿಂದ ಒಂದು ರೆಕಾರ್ಡಿಂಗ್ ಹಾಳಾಯ್ತು, ಊರಿನೋರಿಗೆ ಹೇಳ್ದೆ ಇರಕ್ಕಾಗ್ತಿಲ್ಲ. ಪಕ್ಕದ್ಮನೆ ಫ್ರೆಂಡ್ ಒಂದು ಜಾಝ್ ಟ್ರಿಯೋದಲ್ಲಿ ಡಬಲ್ ಬಾಸ್ ನುಡಿಸ್ತಾನೆ, ಆಳೆತ್ತರದ ಪಿಟೀಲು ಅನ್ಕೊಳಿ, ಅದು ಅವನ ಕಾರಲ್ಲಿ ಹಿಡಿಯಲ್ಲ ನನ್ ವ್ಯಾನಲ್ಲಿ ಹಿಡಿಯುತ್ತೆ, ಹಂಗಾಗಿ ಇಲ್ಲೇ ನ್ಯೂಜೆರ್ಸಿಯ ಒಂದು ಸಣ್ಣ ಸ್ಟುಡಿಯೋಗೆ ಡ್ರೈವರಾಗಿ ಹೋಗಿದ್ದೆ. ಆಲ್ಬಮ್ ಪೂರ್ತಿ ಬ್ಯಾಲಡ್‌ಗಳು, ನಮ್ಮ ವಿಳಂಬ ಕಾಲದ ಥರ ನಿಧಾನ.

ನಿಧಾನ ಅಂದ್ರೆ ಸುಲಭ ಅನ್ಕೊಂಡಿದ್ದೆ. ಎಲ್ಲಿ! ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಪಿಯಾನೋ ಪೆಡಲ್ ಎತ್ತೋ ಸದ್ದೂ ಕೇಳುತ್ತೆ. ಮೂರೂ ಜನ ಒಂದೇ ರೂಮಲ್ಲಿ, ಪಿಯಾನೋ ಮೈಕಿಗೆ ಬಾಸೂ ಬೀಳೋದ್ರಿಂದ ಒಬ್ಬ ತಪ್ಪಿದ್ರೆ ಅವನದಷ್ಟೇ ತಿದ್ದೋದು ಕಷ್ಟ, ಎಲ್ರೂ ಮತ್ತೆ ಮೊದಲಿಂದ.

ಡ್ರಮ್ಮರ್ ಕೋಲು ಮುಟ್ಟಲೇ ಇಲ್ಲ. ತಂತಿ ಬ್ರಶ್ ಹಿಡ್ಕೊಂಡು ಸ್ನೇರ್ ಅನ್ನೋ ಸಣ್ಣ ಡ್ರಮ್ ಮೇಲೆ ಸುತ್ತ ಸವರ್ತಾ ಇದ್ದ, ಕಣ್ಮುಚ್ಚಿದ್ರೆ ಡಿಸೆಂಬರಲ್ಲಿ ಮೂಡಿಗೆರೆ ಮನೆ ಕಣದಲ್ಲಿ ಕಾಫಿನ ಕಾಲಲ್ಲಿ ಗೆರೆ ಎಳೀತಾ ತಿರುವೋ ಸದ್ದು. ಅದೂ ನಾಕೈದು ದಿನ ಒಣಗಿದ್ಮೇಲಿನ ಸದ್ದು, ಮೊದಲ್ನೇ ದಿನ ಬರೀ ಅಂಟು.

ನಾನೂ ಒಳಗೇ ಮೂಲೇಲಿ ಕೂತಿದ್ದೆ, ದಡ್ಡತನ. ನಾಲ್ಕನೇ ಟೇಕು, ಕೊನೇ ಸ್ವರ ಇನ್ನೂ ಕರಗ್ತಾ ಇದೆ, ಜೇಬಲ್ಲಿ ಫೋನ್ ಗುರ್ ಅಂತು. ಅವ್ವ. ಅಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗ್ಸಿ ಫೋನ್ ಮಾಡೋ ಹೊತ್ತು.

ಯಾರೂ ಬೈಲಿಲ್ಲ, ಬೈದಿದ್ರೇ ಚೆನ್ನಾಗಿತ್ತು. ಬ್ರೇಕಲ್ಲಿ ಕಾಫಿ (ಅದನ್ನ ಕಾಫಿ ಅನ್ನಬಾರ್ದು) ಕುಡೀತಾ ಫ್ರೆಂಡ್ ಜಾಝ್ ಪಿಯಾನೋದ ಬಿಲ್ ಎವಾನ್ಸ್ ಟ್ರಿಯೋ ವಿಷಯ ಹೇಳ್ದ. 1961ರ ಜೂನ್ 25ಕ್ಕೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಲ್ಲಿ ರೆಕಾರ್ಡಿಂಗ್ ಆಯ್ತಂತೆ, ಹನ್ನೊಂದೇ ದಿನಕ್ಕೆ ಬಾಸ್ ನುಡಿಸ್ತಿದ್ದ ಸ್ಕಾಟ್ ಲಾಫಾರೋ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟ, ಬರೀ 25 ವರ್ಷ. ಎವಾನ್ಸ್ ಕೆಲ ತಿಂಗಳು ಸರಿಯಾಗಿ ನುಡಿಸ್ಲೇ ಇಲ್ವಂತೆ, ಮಾರನೇ ವರ್ಷ ಹೊಸ ಬಾಸಿನೋನ್ನ ಇಟ್ಕೊಂಡು ಮಾಡಿದ್ದು ಒಂದು ಪೂರ್ತಿ ಬ್ಯಾಲಡ್ ಆಲ್ಬಮ್ಮು. ಆ ವ್ಯಾನ್‌ಗಾರ್ಡ್ ರೆಕಾರ್ಡಿಂಗಲ್ಲಿ ಕ್ಲಬ್ಬಿನ ಗ್ಲಾಸು ತಟ್ಟೆ ಸದ್ದೂ ಕೇಳುತ್ತೆ, ನಿನ್ ಫೋನ್ ಏನ್ ಮಹಾ, ಅಂದ. ಸಮಾಧಾನಕ್ಕೆ ಹೇಳಿದ್ದು, ಗೊತ್ತು. ಆದ್ರೂ ಫೋನ್ ವ್ಯಾನಲ್ಲಿ ಹಾಕಿ ಬಂದೆ.

ರಾತ್ರಿ ಅವ್ವಂಗೆ ಎರಡು ನಿಮಿಷದ ಕ್ಲಿಪ್ ಕಳಿಸ್ದೆ. ಪೂರ್ತಿ ಕೇಳಿದಾಳೆ ಪಾಪ.

"ಚೆನ್ನಾಗೈತೆ ಮಗ. ಹಾಡೋರು ಇನ್ನೂ ಬಂದಿರ್ಲಿಲ್ವಾ?"